ಖಡಕ್ ರೊಟ್ಟಿ ಯಾರಿಗೆ?

ಬೆಳಿಗ್ಗೆ ಹೋಗಿ ಸಂಜೆ ಬರುವ ಊರಿಗೆ ಖಡಕ್ ರೊಟ್ಟಿ ಯಾಕೆ ಬೇಕು?

ಹೋದ ವರ್ಷ ಕ್ರಿಸ್‌ಮಸ್ಸಿನ ನಾತಾಳ ಸುಟ್ಟಿಗೆ ಕೊಲ್ಹಾಪುರದ ಹಾಸ್ಟೆಲಿನಿಂದ ಕಬನೂರಿನ ನಮ್ಮ ಮನೆಗೆ ಬಂದು ಇನ್ನೂ ಚಪ್ಪಲಿ ಬಿಡುತ್ತಿದ್ದೆ, ಈ ಪ್ರಶ್ನೆ ಎದ್ದಿತು. ಅಡುಗೆಮನೆಯಲ್ಲಿ ಅವ್ವ ಗ್ಯಾಸು ಸಣ್ಣ ಮಾಡಿಕೊಂಡು, ಹಂಚಿನ ಮೇಲಿನ ರೊಟ್ಟಿಯನ್ನು ಅರಿವೆಯಿಂದ ಒತ್ತಿ ಒತ್ತಿ ಒಣಗಿಸುತ್ತಿದ್ದಳು. ಒಣಗಿದವು ಹಳೆಯ ಸೀರೆಯೊಂದರ ಮೇಲೆ ಗೋಡೆಗೆ ಒರಗಿ ನಿಂತಿದ್ದವು. ಎಳ್ಳು ಹಚ್ಚಿದವು ಒಂದು ಕಡೆ, ಹಚ್ಚದವು ಇನ್ನೊಂದು ಕಡೆ.

ಹೊರಗಿನವರಿಗೆ ಇದರಲ್ಲಿ ಸಂಶಯಪಡುವಂಥದ್ದೇನೂ ಕಾಣಲಿಕ್ಕಿಲ್ಲ. ನಮ್ಮ ಕಡೆಯವರಿಗೆ ಗೊತ್ತು: ಅದೇ ದಿನ ತಿನ್ನುವುದಕ್ಕೆ ಮೆತ್ತನೆಯ ರೊಟ್ಟಿ, ತಿಂಗಳುಗಟ್ಟಲೆ ಇಡುವುದಕ್ಕೆ ಖಡಕ್. ಹಾಸ್ಟೆಲಿಗೆ ಹೋಗುವ ನನಗೆ ಖಡಕ್ ಕಟ್ಟಿಕೊಡುತ್ತಾರೆ. ಅದು ಮನೆ ಬಿಟ್ಟು ಬೇರೆ ಕಡೆ ಉಳಿಯುವವರ ರೊಟ್ಟಿ. ಗಡಹಿಂಗ್ಲಜದಲ್ಲಿರುವ ಅತ್ತೆಯ, ಅಂದರೆ ಅಪ್ಪನ ಅಕ್ಕನ ಮನೆಗೆ ನಾವು ಪ್ರತಿ ಚಳಿಗಾಲ ಸೀತನಿ ತಿನ್ನಲು ಹೋಗುತ್ತೇವೆ. ಹಸಿ ಜೋಳದ ತೆನೆಯನ್ನು ಹೊಲದಲ್ಲೇ ಸುಟ್ಟು ತಿನ್ನುವ ಆ ಒಂದು ದಿನಕ್ಕಾಗಿ ಹೋದವರು ಸಂಜೆಯ ಬಸ್ಸಿಗೆ ತಿರುಗಿ ಬರುತ್ತೇವೆ. ಅಲ್ಲಿ ರಾತ್ರಿ ಉಳಿದದ್ದು ನನಗೆ ನೆನಪಿಲ್ಲ.

ಉಳಿಯದಿರುವುದಕ್ಕೆ ಕಾರಣ ಆಯಿ. ಅಪ್ಪನ ತಾಯಿ, ನಮ್ಮ ಜೊತೆಗೇ ಇರುವ ನನ್ನ ಅಜ್ಜಿ. ಮಗಳಿಗೆ ಒಂದು ಮಗು ಆಗುವ ತನಕ ತಾಯಿಯಾದವಳು ಮಗಳ ಮನೆಯ ಅನ್ನ ನೀರು ಮುಟ್ಟಬಾರದು ಎಂಬ ಹಳೆಯ ರೂಢಿಯೊಂದಿದೆ. ಉಳಿದವರು ಅದನ್ನು ಸ್ವಲ್ಪ ದಿನ ಪಾಲಿಸಿದಂತೆ ಮಾಡಿ, ಯಾವುದೋ ನೆಪ ತೆಗೆದು ಬಿಟ್ಟುಬಿಡುತ್ತಾರೆ. ಆಯಿ ಬಿಡಲಿಲ್ಲ. ಅತ್ತೆಗೆ ಮಕ್ಕಳಾಗಲಿಲ್ಲ. ಅತ್ತೆಯ ಕೂದಲು ಬೆಳ್ಳಗಾದವು, ಆಯಿಯ ಹಟ ಹಾಗೇ ಉಳಿಯಿತು. ಪ್ರತಿ ವರ್ಷ ಗಡಹಿಂಗ್ಲಜದ ಆ ಮನೆಯ ಪಡಸಾಲೆಯಲ್ಲಿ ಆಯಿ ತನ್ನ ಅರಿವೆಯ ಗಂಟು ಬಿಚ್ಚಿ ತನ್ನ ರೊಟ್ಟಿ ತಿನ್ನುತ್ತಾಳೆ, ತನ್ನ ಬಾಟಲಿಯ ನೀರು ಕುಡಿಯುತ್ತಾಳೆ. ಅತ್ತೆ ಪ್ರತಿ ವರ್ಷ ಆಯಿಯ ಮುಂದೆಯೂ ಒಂದು ತಾಟು ಬಡಿಸಿ ಇಡುತ್ತಾಳೆ. ಎಲ್ಲರ ಊಟವಾದ ಮೇಲೆ ಆ ತುಂಬಿದ ತಾಟನ್ನು ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಚಿಕ್ಕಂದಿನಿಂದ ನೋಡಿದ ಎಲ್ಲ ಊಟಗಳಲ್ಲಿ ನನಗೆ ಮರೆಯಲಾಗದೇ ಇರುವುದು ಉಣ್ಣದ ಆ ಒಂದು ತಾಟು.

ಹೀಗಿರುವಾಗ ಖಡಕ್ ರೊಟ್ಟಿ.

"ಯಾರಿಗೆ ಇವು?" ಎಂದೆ.

"ಬಂದೀ? ಕೈಕಾಲ ತೊಳಕೋ ಹೋಗು. ಬಂದ ಗಳಿಗಿಗೇ ಕೋರ್ಟ ತೆಗೀಬ್ಯಾಡ," ಅವ್ವ ತಿರುಗಿಯೂ ನೋಡಲಿಲ್ಲ.

"ಗಡಹಿಂಗ್ಲಜಕ್ಕ ಒಂದ ದಿನಾ ಹೋಗಾವ್ರು. ಖಡಕ್ ಯಾಕ?"

"ಜೋಳಾ ಚಲೋ ಬಂದಿದ್ದು. ಮಾಡೇನಿ. ರಬರಿನ ಚೀಲಾ ತಂದಿ ಇಲ್ಲೋ?"

ನಾನು ಕಾನೂನು ಓದುತ್ತೇನೆ, ಕಾಲೇಜಿನ ವಾದವಿವಾದ ತಂಡದಲ್ಲಿದ್ದೇನೆ. ಎದುರಿನವರು ಏನು ಹೇಳುತ್ತಾರೆ ಎಂಬುದಕ್ಕಿಂತ ಯಾವುದನ್ನು ಹೇಳದೆ ದಾಟಿಸುತ್ತಾರೆ ಎಂಬುದನ್ನು ನೋಡು ಅಂತ ನಮಗೆ ಕಲಿಸಿದ್ದಾರೆ. ನನ್ನ ತೊಂದರೆ ಇಷ್ಟೇ: ಕೊಲ್ಹಾಪುರದಲ್ಲಿ ಮರಾಠಿಯಲ್ಲಿ ಗೆಲ್ಲುತ್ತೇನೆ, ಮನೆಗೆ ಬಂದು ಕನ್ನಡದಲ್ಲಿ ಸೋಲುತ್ತೇನೆ. ಗೆದ್ದ ಬಹುಮಾನದ ಢಾಲುಗಳು ಟಿವಿಯ ಮೇಲೆ ಸಾಲಾಗಿ ಇವೆ. ಅವುಗಳ ಮೇಲೆ ಮಗ್ಗದ ಶೆಡ್ಡಿನಿಂದ ಹಾರಿ ಬಂದ ಹತ್ತಿಯ ಧೂಳು ಕೂತಿರುತ್ತದೆ.

ರಬ್ಬರಿನ ಚೀಲ ಅಂದಳಲ್ಲ, ಅದು ಎರಡನೆಯ ಸಾಕ್ಷಿ. ಬರುವಾಗ ಕೊಲ್ಹಾಪುರದಿಂದ ಬಿಸಿನೀರು ತುಂಬಿ ಶಾಖ ಕೊಡುವ ರಬ್ಬರಿನ ಚೀಲವನ್ನೂ ಆಯಿಗೊಂದು ದಪ್ಪ ಸ್ವೆಟರನ್ನೂ ತರಲು ಫೋನಿನಲ್ಲಿ ಹೇಳಿದ್ದಳು. ಆಗ ಏನೂ ಅನಿಸಿರಲಿಲ್ಲ. ಈಗ ಮಾಳಿಗೆಗೆ ಹೋಗಿ ನೋಡಿದರೆ ಆಯಿಯ ಕೌದಿಯನ್ನು ಒಗೆದು ಬಿಸಿಲಿಗೆ ಹಾಕಿದ್ದಾರೆ. ಕೌದಿಯ ಪಕ್ಕದಲ್ಲಿ ಆಯಿಯ ದಿಂಬು. ಒಂದು ದಿನದ ಪ್ರಯಾಣಕ್ಕೆ ದಿಂಬು ಯಾರು ಒಣಗಿಸುತ್ತಾರೆ?

ಕೆಳಗಿಳಿದು ಬಂದಾಗ ಅಪ್ಪ ಆಯಿಯ ಕೋಣೆಯಲ್ಲಿದ್ದ. ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆಯುತ್ತಿದ್ದ. ನಮ್ಮ ಮನೆಯ ಹಿಂದೆಯೇ ನಮ್ಮ ಮಗ್ಗಗಳ ಶೆಡ್ಡು. ಆಯಿಯ ಕೋಣೆಗೂ ಶೆಡ್ಡಿಗೂ ನಡುವೆ ಒಂದೇ ಗೋಡೆ.

"ಏನ ಅಳಿಯಾಕತ್ತಿ ಅಪ್ಪಾ?"

"ಏನಿಲ್ಲ," ಎಂದು ಟೇಪನ್ನು ಪಟ್ಟನೆ ಒಳಗೆ ಬಿಟ್ಟ. "ಸುಮ್ನ."

ಟೇಪು ಹಿಡಿದು ಸುಮ್ಮನೆ ಅಳೆಯುವ ಮನುಷ್ಯನನ್ನು ನಾನು ನೋಡಿಲ್ಲ. ನನ್ನ ತಲೆಯಲ್ಲಿ ಆ ಗೋಡೆ ಒಡೆದು, ಕೋಣೆ ಶೆಡ್ಡಿಗೆ ಸೇರಿ, ಆಯಿಯ ಕಾಟು ಇದ್ದ ಜಾಗದಲ್ಲಿ ಮಗ್ಗವೊಂದು ಕುಣಿಯತೊಡಗಿತು. ನಮ್ಮ ಓಣಿಯಲ್ಲಿ ಎಷ್ಟೋ ಮನೆಗಳಲ್ಲಿ ಪಡಸಾಲೆ ಹೋಗಿ ಮಗ್ಗ ಬಂದಿವೆ, ದೇವರ ಜಗಲಿಯೂ ಸರಿದು ಜಾಗ ಕೊಟ್ಟಿದೆ. ಅಜ್ಜಿ ಯಾವ ಲೆಕ್ಕ?

ಕೊನೆಯ ಸಾಕ್ಷಿ ಅವ್ವನ ಫೋನು. ಮಗ್ಗ ನಡೆಯುವ ಮನೆಯಲ್ಲಿ ಮೆಲ್ಲಗೆ ಮಾತಾಡುವ ರೂಢಿಯೇ ಇರುವುದಿಲ್ಲ. ನಮ್ಮಲ್ಲಿ ಗುಟ್ಟು ಹೇಳುವವರೂ ಕೂಗಿಯೇ ಹೇಳಬೇಕು. ಬೇರೆ ಊರಿಗೆ ಹೋದರೆ ಜನ ನಮ್ಮನ್ನು ಜಗಳಗಂಟರೆಂದು ತಿಳಿಯುವುದೂ ಇದಕ್ಕೇ. ಅಂಥ ಅವ್ವ ಅತ್ತೆಯ ಫೋನು ಬಂತೆಂದರೆ ಮಾಳಿಗೆಯ ತುದಿಗೆ ಹೋಗಿ, ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡುತ್ತಿದ್ದಳು. ನಾನು ಮೆಟ್ಟಿಲು ಹತ್ತಿದ ಸದ್ದಾದರೆ, "ಹೂಂ ಅಕ್ಕಾರ, ಥಂಡಿ ಭಾಳ ಐತ್ರಿ ಇಲ್ಲೂ," ಎಂದು ಹವಾಮಾನಕ್ಕೆ ಜಿಗಿಯುತ್ತಿದ್ದಳು.

ಆರೋಪಪಟ್ಟಿ ಸಿದ್ಧವಾಯಿತು. ಇವರು ಆಯಿಯನ್ನು ಗಡಹಿಂಗ್ಲಜದಲ್ಲಿ ಬಿಟ್ಟು ಬರಲಿದ್ದಾರೆ. ಅದೂ ಯಾವ ಮನೆಯಲ್ಲಿ? ಅವಳು ಒಂದು ಗುಟುಕು ನೀರು ಕುಡಿಯದ ಮನೆಯಲ್ಲಿ. ಅದಕ್ಕೇ ಖಡಕ್ ರೊಟ್ಟಿ. ತಿಂಗಳ ಮೇವು ಕಟ್ಟಿ ಬಿಟ್ಟು ಬಂದ ಹಾಗೆ.

ಮೊದಲು ಆಯಿಯನ್ನೇ ವಿಚಾರಿಸಬೇಕೆನಿಸಿತು. ಅವಳು ಬಾಗಿಲ ಬಿಸಿಲಿಗೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು.

"ಆಯಿ, ಗಡಹಿಂಗ್ಲಜಕ್ಕ ಹೋದ್ರ ಯಾವಾಗ ಬರತಿ?"

"ಬಸ್ಸ ಬಂದಾಗ."

"ಯಾವ ಬಸ್ಸ? ಅವತ್ತಿನ ಸಂಜೀದೋ, ಮತ್ತ್ಯಾವಾಗಿಂದೋ?"

ಕುಟ್ಟುವುದನ್ನು ನಿಲ್ಲಿಸಿ ನನ್ನನ್ನು ಕೆಳಗಿಂದ ಮೇಲಕ್ಕೆ ನೋಡಿದಳು. "ಕೊಲ್ಹಾಪುರದಾಗ ಊಟಾ ಬರೋಬ್ಬರಿ ಸಿಗಂಗಿಲ್ಲೇನ? ತಲಿ ಭಾಳ ತಿನ್ನಾಕತ್ತಿ."

ಇವಳಿಗೂ ಗೊತ್ತು. ಗೊತ್ತಿದ್ದೂ ಬಾಯಿ ಬಿಡುತ್ತಿಲ್ಲ. ಹೆದರಿಸಿದ್ದಾರೆ ಎಂದುಕೊಂಡೆ. ಆಯಿಯನ್ನು ಹೆದರಿಸಬಲ್ಲವರು ನಮ್ಮ ತಾಲೂಕಿನಲ್ಲಿ ಯಾರೂ ಇಲ್ಲ ಎಂಬುದನ್ನು ಆಗ ಲೆಕ್ಕಕ್ಕೆ ಹಿಡಿಯಲಿಲ್ಲ. ಸಂಶಯ ಬಂದ ಮೇಲೆ ಎಲ್ಲವೂ ಅದಕ್ಕೆ ಹೊಂದುತ್ತಾ ಹೋಗುತ್ತವೆ.

ಮೂರನೆಯ ದಿನ ಮಧ್ಯಾಹ್ನ ಚಹಾದ ಹೊತ್ತಿಗೆ ಎಲ್ಲರೂ ಒಂದೇ ಕಡೆ ಸಿಕ್ಕರು. ಅಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತೇ ಚಹಾ ಕುಡಿಯುತ್ತಿದ್ದ, ಒಂದು ಕಣ್ಣು ಮಗ್ಗದ ಮೇಲೆ. ಅವ್ವ ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟುತ್ತಿದ್ದಳು. ಹೋಳಿಗೆ ಬೇರೆ. ಆಯಿ ಬಸಿಗೆ ಸುರಿದ ಚಹಾ ಊದುತ್ತಿದ್ದಳು. ಮಗ್ಗಗಳು ಖಟ್ ಖಟ್ ಎಂದು ಪೂರ್ತಿ ವೇಗದಲ್ಲಿದ್ದವು, ಹಾಗಾಗಿ ನಾನು ಎದೆಯಿಂದ ದನಿ ತೆಗೆದು ಕೂಗಿದೆ:

"ನೀವು ಆಯಿನ್ನ ಗಡಹಿಂಗ್ಲಜದಾಗ ಬಿಟ್ಟ ಬರಾಕ ಹೊಂಟೀರಿ. ಖರೇ ಹೌದೋ ಅಲ್ಲೋ ಹೇಳ್ರಿ."

ನಾನು ಆಯಿ ಎನ್ನುವಷ್ಟರಲ್ಲಿ ಲೈಟು ಹೋಯಿತು. ನಮ್ಮ ಮಗ್ಗ ನಿಂತವು, ಪಕ್ಕದವರ ಮಗ್ಗ ನಿಂತವು, ಇಡೀ ಕಬನೂರು ಒಮ್ಮೆಲೇ ಮೌನವಾಯಿತು. ಆ ಮೌನದೊಳಗೆ ನನ್ನ ಮಾತು ಒಂದೇ ಎದ್ದು ಓಣಿಯ ತುದಿಯ ತನಕ ಹೋಯಿತು. ಎದುರು ಮನೆಯ ಶೆಡ್ಡಿನಿಂದ ಇಬ್ಬರು ಕೆಲಸಗಾರರು ಹೊರಗೆ ಬಂದು ನಿಂತರು. ಯಾರದೋ ಕಿಟಕಿ ತೆರೆಯಿತು.

"ಆತು," ಎಂದಳು ಅವ್ವ. "ಇನ್ನ ಪೇಪರಿನ್ಯಾಗ ಹಾಕಸೋದೊಂದ ಉಳೀತು."

ಆಯಿ ಬಸಿ ಕೆಳಗಿಟ್ಟಳು. "ಯಾರೂ ಯಾರನ್ನೂ ಬಿಟ್ಟ ಬರಾಕ ಹೊಂಟಿಲ್ಲ. ನಾನೇ ಹೊಂಟೇನಿ." ಆಮೇಲೆ ಬಾಗಿಲ ಕಡೆ ನೋಡಿ, ಕೇಳುತ್ತಿದ್ದವರಿಗೂ ಸೇರಿಸಿ ಹೇಳಿದಳು: "ಮಗಳಿಗೆ ಆರಾಮಿಲ್ಲ. ತಾಯಿ ಹೋಗಬಾರದೇನ?"

ಎದುರಿನ ಇಬ್ಬರೂ ಒಳಗೆ ಸರಿದರು.

ವಿಷಯ ಇಷ್ಟು. ಅತ್ತೆಗೆ ಗರ್ಭಚೀಲದ ಆಪರೇಷನ್ ಆಗಬೇಕಿತ್ತು, ಹೊಸ ವರ್ಷ ಹುಟ್ಟಿದ ಮೇಲೆ. ಹೆದರುವಂಥದ್ದಲ್ಲ, ಆದರೆ ತಿಂಗಳು ಬಗ್ಗಿ ಕೆಲಸ ಮಾಡುವ ಹಾಗಿಲ್ಲ. ಅತ್ತೆಯ ಗಂಡ, ನಮ್ಮ ಮಾಮಾ, ಬೆಳಿಗ್ಗೆ ಬೆಲ್ಲದ ಪೇಟೆಗೆ ಹೋದರೆ ಕತ್ತಲಾದ ಮೇಲೇ ಮನೆಗೆ. ಹಾಗಾಗಿ ಆಯಿ ಜೊತೆಗಿರಲು ಹೋಗುತ್ತಾಳೆ. ರಬ್ಬರಿನ ಚೀಲ ಅತ್ತೆಗೆ. ಅಪ್ಪ ಅಳೆಯುತ್ತಿದ್ದದ್ದು ಆಯಿ ಇಲ್ಲದಾಗ ಆ ಕೋಣೆಯ ನೆಲಕ್ಕೆ ಹೊಸ ಫರಶಿ ಕಲ್ಲು ಹಾಕಿಸುವುದಕ್ಕೆ. ಅವಳು ಇದ್ದರೆ ಕಲ್ಲು ಹಾಸುವ ಯಾವ ಗವಂಡಿಗೂ ಕೆಲಸ ಮಾಡಗೊಡುವುದಿಲ್ಲವಂತೆ.

"ನನಗ ಯಾಕ ಹೇಳಲಿಲ್ಲ?"

"ಯಾಕಂದ್ರ ನೀ ಹಿಂಗ ಮಾಡತಿ ಅಂತ," ಅಪ್ಪ ಬೆರಳಿನಿಂದ ಓಣಿ ತೋರಿಸಿದ.

ಆರೋಪ ಬಿದ್ದುಹೋಯಿತು. ಆದರೆ ರೊಟ್ಟಿ ಅಲ್ಲೇ ಇದ್ದವು. ನಾನು ಆಯಿಯ ಕಡೆ ತಿರುಗಿದೆ. "ಅಂದ್ರ ಅತ್ತಿ ಹಾಸಿಗ್ಯಾಗ ಮಲಗಿರ್ತಾಳ. ನೀ ಬಾಜೂಕ ಕುಂತ ನಿನ್ನ ಗಂಟಿನ ಒಣರೊಟ್ಟಿ ಕಡೀತಿ. ತಿಂಗಳಾನುಗಟ್ಟಲೆ."

"ಹೌದ."

"ಮಗು ಆಗೋತನಕ ಉಣ್ಣಬಾರದು ಅಂತ ರೂಢಿ. ಇನ್ನ ಆಗಂಗಿಲ್ಲ ಅಂತ ಡಾಕ್ಟರೇ ಹೇಳಾಕತ್ತಾರ. ಮುಗಿಯಲಾರದ ಶರ್ತು ಶರ್ತೇ ಅಲ್ಲ ಆಯಿ. ತಾನೇ ರದ್ದಾಕ್ಕೈತಿ."

"ನಿಮ್ಮ ಕೋರ್ಟಿನ್ಯಾಗ ಆಗಬಹುದು."

"ಅತ್ತಿ ಎಷ್ಟ ನೋಯತಾಳ, ಗೊತ್ತೈತೇನ?"

ಅಷ್ಟಕ್ಕೆ ಆಯಿ ಎದ್ದುಬಿಟ್ಟಳು. ಗೋಡೆ ಹಿಡಿದು ನಿಂತು ಹೇಳಿದ ಮಾತು ನೆನಪಿದೆ. "ಇಷ್ಟ ವರ್ಷ ಉಣದಾಕಿ ಈಗ ಉಂಡ್ರ, ಆಕಿಗೆ ಕೂಸ ಆಗಂಗಿಲ್ಲ ಅಂತ ನಾನೇ ಬಾಯಿಬಿಟ್ಟ ಹೇಳಿದಂಗ. ಡಾಕ್ಟರ ಹೇಳಲಿ. ನಾ ಹೇಳಂಗಿಲ್ಲ."

ಹಟವೆಂದು ಇಷ್ಟು ವರ್ಷ ನಾನು ವಾದ ಹೂಡಿದ್ದ ವಿಷಯದೊಳಗೆ ಇಂಥದ್ದೊಂದು ಎಳೆ ಇದ್ದೀತು ಎಂದು ಎಣಿಸಿಯೇ ಇರಲಿಲ್ಲ. ಲೈಟು ಬಂದು ಮಗ್ಗಗಳು ಮತ್ತೆ ಶುರುವಾದವು. ನಾನು ಸೋತದ್ದಕ್ಕೆ ಅದೇ ಗಂಟೆಯೆಂದುಕೊಂಡು ಎದ್ದೆ.

ಆದರೂ ಒಂದು ಮಾತು ಕೂಡಲಿಲ್ಲ. ಮುದುಕಿಯೊಬ್ಬಳು ತಿಂಗಳಿಗೆ ಎಷ್ಟು ರೊಟ್ಟಿ ತಿನ್ನುತ್ತಾಳೆ? ಅವ್ವ ಮಾಡಿದ್ದು ಒಂದು ಪಂಗತಿಗೆ ಸಾಲುವಷ್ಟಿತ್ತು. ಮೇಲೆ ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಗುರೆಳ್ಳಿನ, ಅಂದರೆ ಹುಚ್ಚೆಳ್ಳಿನ ಚಟ್ನಿ. ಆಯಿ ಹೋಳಿಗೆ ಮುಟ್ಟಿ ವರ್ಷಗಳಾಗಿವೆ, ಸಿಹಿ ಅವಳಿಗೆ ಸೇರುವುದಿಲ್ಲ. ಹೊರಡುವ ದಿನ ಆಯಿ ತನ್ನ ಬಿಳಿ ಅರಿವೆ ತಂದು, "ನನ್ನ ರೊಟ್ಟಿ ಬ್ಯಾರೆ ಕಟ್ಟ," ಎಂದಾಗ ಅವ್ವ, "ದಾರ್ಯಾಗ ಒಡೀತಾವ್ರಿ ಆಯಿ, ಎಲ್ಲಾ ಒಂದ ಕಡೆ ಇರ್ಲಿ," ಎಂದು ಎಲ್ಲವನ್ನೂ ದೊಡ್ಡ ಬುಟ್ಟಿಯೊಂದರಲ್ಲಿ ಜೋಡಿಸಿದಳು. ಬುಟ್ಟಿಯ ಮೇಲೆ ಮಡಿಕೆ ಬಿಚ್ಚದ ಹಸಿರು ಖಣವೊಂದನ್ನು ಹೊದಿಸಿದಳು. ಖಣವೆಂದರೆ ಮುತ್ತೈದೆಯರಿಗೆ ಕೊಡುವ ಕುಪ್ಪಸದ ಬಟ್ಟೆ. ಆಯಿ ವಿಧವೆ. ಆ ಖಣ ಯಾರಿಗೆ ಎಂದು ನಾನು ಆಗಲೇ ಕೇಳಬೇಕಿತ್ತು. ಧೂಳಿಗೆ ಅಡ್ಡ ಇರಲೆಂದು ಹೊದಿಸಿದ್ದಾಳೆ ಎಂದುಕೊಂಡೆ. ಸಂಶಯಪಡುವವರಿಗೂ ಕಣ್ಣ ಮುಂದಿನದು ತಪ್ಪುತ್ತದೆ.

ಇಚಲಕರಂಜಿ ಸ್ಟ್ಯಾಂಡಿನಿಂದ ನಾಲ್ವರೂ ಬಸ್ಸು ಹಿಡಿದೆವು. ಆ ಬುಟ್ಟಿ ನನ್ನ ತೊಡೆಯ ಮೇಲೆ. ಕಂಡಕ್ಟರ್ ಅದನ್ನು ಕೆಳಗಿಡಿ ಎಂದ. ಅವ್ವ, "ನಕೋ ಭಾವೂ, ಭಾಕರಿ ಹಾಯ್ತ," ಎಂದು ಮರಾಠಿಯಲ್ಲಿ ಬೇಡವೆಂದಳು. ರೊಟ್ಟಿ ಎಂದಕೂಡಲೇ ಅವನೂ ಮೆತ್ತಗಾಗಿ ಪಕ್ಕದವನನ್ನು ಸರಿಸಿ ಜಾಗ ಮಾಡಿಕೊಟ್ಟ. ಚಳಿ ಇತ್ತು. ಕಾಗಲ ದಾಟುವ ತನಕ ಕಬ್ಬಿನ ಟ್ರಾಕ್ಟರುಗಳ ಹಿಂದೆಯೇ ನಮ್ಮ ಬಸ್ಸು. ಆಯಿ ಹೊಸ ಸ್ವೆಟರಿನ ಗುಂಡಿ ಹಾಕಿಕೊಂಡು, ಮುಂದೆ ನೋಡುತ್ತ ಕೂತಿದ್ದಳು. ಒಂದೆರಡು ಸಲ ಹಿಂತಿರುಗಿ ಬುಟ್ಟಿಯನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ಬುಟ್ಟಿಗೆ ಏನೋ ಮಾಡಿಬಿಡುತ್ತೇನೆ ಎಂಬಂಥ ನೋಟ.

ಇಲ್ಲಿ ನಮ್ಮ ಇನ್ನೊಂದು ರೂಢಿಯ ಮಾತು ಹೇಳಬೇಕು. ಅವ್ವನ ತವರು ಉದಗಾಂವ. ಅಲ್ಲಿಂದ ಸೋದರಮಾವ ಬುತ್ತಿ ತಂದರೆ ಅದನ್ನು ನಾವೇ ತಿನ್ನುವ ಹಾಗಿಲ್ಲ. ತವರಿನ ಬುತ್ತಿಯನ್ನು ಓಣಿಗೆ ಬೀರಬೇಕು. ಚಿಕ್ಕವಳಿದ್ದಾಗ ತಾಟಿನಲ್ಲಿ ರೊಟ್ಟಿ, ಹೋಳಿಗೆ ಇಟ್ಟುಕೊಂಡು ಮನೆಮನೆಗೆ ಹೋಗಿ ಕೊಟ್ಟು ಬರುತ್ತಿದ್ದವಳು ನಾನೇ. ಎಲ್ಲರಿಗೂ ಹಂಚಿ ನಮಗೆ ಉಳಿಯುತ್ತಿದ್ದದ್ದು ಚೂರು. ಇದೆಂಥ ಪದ್ಧತಿ ಎಂದು ಆಗಲೂ ವಾದ ಮಾಡಿದ್ದೆ. "ನನಗೂ ತವರೈತಿ ಅಂತ ಜನಕ್ಕ ಗೊತ್ತಾಗಬೇಕಲ್ಲ," ಎಂದಿದ್ದಳು ಅವ್ವ. ಅಂಥ ಬುತ್ತಿ ಹೋಗುವುದು ಕುಬಸಕ್ಕೆ, ತೊಟ್ಟಿಲಿಗೆ, ಜವಳಕ್ಕೆ. ಬಸುರಿಗೆ, ಬಾಣಂತಿಗೆ, ಕೂಸಿಗೆ. ಅತ್ತೆಗೆ ಆ ಕಾರಣಗಳು ಬರಲೇ ಇಲ್ಲ. ನಾವು ಅವಳ ಮನೆಗೆ ಒಯ್ಯುತ್ತಿದ್ದದ್ದು ಅಂಗಡಿಯ ಪೇಡೆ, ಬಾಳೆಹಣ್ಣು. ಅದನ್ನು ಯಾರೂ ಬೀರುವುದಿಲ್ಲ.

ಗಡಹಿಂಗ್ಲಜದ ಮನೆ ಮುಟ್ಟಿದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಇಳಿದುಹೋಗಿದ್ದಳು, ಆದರೆ ಹೊಸ ಸೀರೆ ಉಟ್ಟಿದ್ದಳು. ನಮ್ಮ ಕಾಲಿಗೆ ನೀರು ಕೊಟ್ಟು, ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡಳು. ತೆಗೆದುಕೊಳ್ಳುವಾಗ ಅವ್ವನ ಕಡೆ ಒಂದು ಸಲ ನೋಡಿದಳು. ಅವ್ವ ಛಾವಣಿ ನೋಡಿದಳು. ನಾನು ಆ ನೋಟ ಹಿಡಿದೆ, ಅರ್ಥ ಹಿಡಿಯಲಿಲ್ಲ.

ಅಪ್ಪ, ಅವ್ವ, ನಾನು ಇನ್ನೂ ನೀರು ಕುಡಿಯುತ್ತಿದ್ದೆವು. ಒಳಗೆ ತಾಟುಗಳ ಸದ್ದಾಯಿತು. ಅತ್ತೆ ಖಣವನ್ನು ಕಣ್ಣಿಗೆ ಒತ್ತಿಕೊಂಡು ದೇವರ ಮುಂದಿಟ್ಟಳು. ಹಿಂದೆಯೇ ತಾಟುಗಳಲ್ಲಿ ರೊಟ್ಟಿ, ಹೋಳಿಗೆ, ಚಟ್ನಿ ಹೊಂದಿಸಿಕೊಂಡು ಹಿಂಬಾಗಿಲಿನಿಂದ ಹೊರಗೆ ನಡೆದಳು. ಹೋದಳು, ಬಂದಳು, ಮತ್ತೆ ಹೋದಳು.

ಆಯಿಗೆ ತಿಳಿಯುವುದರೊಳಗೆ ಓಣಿಯ ಹೆಂಗಸರು ಬಾಗಿಲಿಗೆ ಬಂದರು. ಮೊದಲು ಬಂದವಳು, "ತವರ ಬುತ್ತಿ ಬಂತಂತಲ್ರಿ ಬಾಯಾರ. ಇಷ್ಟ ವರ್ಷದಾಗ ಮೊದಲನೇ ಸಲ ನೋಡಿದಿವ್ರಿ," ಎಂದಳು. ಇನ್ನೊಬ್ಬಳು ರೊಟ್ಟಿಯ ಚೂರನ್ನು ಬೆಳಕಿಗೆ ಹಿಡಿದು, "ಆಜೀ, ಕಿತಿ ಪಾತಳ್ ಭಾಕರಿ," ಎಂದು ಅದರ ತೆಳುವನ್ನು ಮರಾಠಿಯಲ್ಲಿ ಹೊಗಳಿದಳು.

ಆಯಿ ಏನು ಹೇಳಬೇಕು? ಅದು ನನ್ನ ಊಟ, ತಿರುಗಿ ತನ್ನಿ ಎನ್ನಬೇಕೇ? ಮಗಳಿಗೆ ಬುತ್ತಿ ತಂದ ತಾಯಿಯಾಗಿ ಅವಳು ಪಡಸಾಲೆಯ ನಡುವೆ ಕೂತಿದ್ದಳು, ಬಂದವರೆಲ್ಲ ಕಾಲಿಗೆ ಬೀಳುತ್ತಿದ್ದರು. "ಸುನೇನ ಕೇಲ್ಯಾ," ಸೊಸೆ ಮಾಡಿದ್ದು ಎಂದು ಉತ್ತರ ಕೊಟ್ಟಳು. ದನಿಯಲ್ಲಿ ಬಿಂಕವೂ ಇತ್ತು, ಹಲ್ಲು ಕಡಿಯುವುದೂ ಇತ್ತು.

ಅವರು ಹೋದ ಮೇಲೆ ನೇರ ನನ್ನ ಕಡೆ ತಿರುಗಿದಳು. "ಇದು ನಿನ್ನ ಕಾರಬಾರ."

"ನನಗ ಗೊತ್ತೇ ಇಲ್ಲ ಆಯಿ."

"ನಿನಗ ಗೊತ್ತಿಲ್ಲದ್ದು ಜಗತ್ತಿನ್ಯಾಗ ಒಂದರ ಐತೇನ?"

"ಖರೇನೇ ಗೊತ್ತಿಲ್ಲ. ಅವ್ವಗ ಕೇಳು."

ಅವ್ವ ಆ ಹೊತ್ತಿಗೆ ಅಡುಗೆಮನೆ ಸೇರಿದ್ದಳು. ಅತ್ತೆ ಖಾಲಿ ತಾಟು ಹಿಡಿದು ಬಂದಳು. ಆಯಿ ಅವಳನ್ನು ಕೇಳಿದಳು, "ಎಲ್ಲಾ ಕೊಟ್ಟಿಯೇನ?"

"ಬುತ್ತಿ ಬಂದ್ರ ಬೀರಬೇಕಲ್ಲ ಯವ್ವಾ. ಇಟಗೊಂಡ್ರ ಜನಾ ಏನಂತಾರ?" ಅತ್ತೆಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ವಾದದಲ್ಲಿ ಇಂಥ ಮುಖ ಸಿಕ್ಕರೆ ನಾನು ಇನ್ನೂ ನಾಲ್ಕು ಢಾಲು ತರುತ್ತಿದ್ದೆ.

ಒಂದು ರೂಢಿಯ ಮೇಲೆ ಇನ್ನೊಂದು ರೂಢಿಯನ್ನು ಹತ್ತಿಸಿಬಿಟ್ಟಿದ್ದರು ಇಬ್ಬರೂ ಸೇರಿ. ಮಾಳಿಗೆಯ ಮೇಲಿನ ಫೋನುಗಳು, ಎಳ್ಳು ಹೋಳಿಗೆ, ಹಸಿರು ಖಣ, ಎಲ್ಲ ಈಗ ಸಾಲಾಗಿ ನಿಂತವು. ನನ್ನ ಸಾಕ್ಷಿಗಳು ಸರಿಯಾಗಿಯೇ ಇದ್ದವು, ಹೂಡಿದ ಖಟ್ಲೆ ತಪ್ಪಾಗಿತ್ತು.

ಆದರೆ ಆಯಿ ಸೋಲುವ ಪೈಕಿ ಅಲ್ಲ. ಊಟದ ಹೊತ್ತಿಗೆ ಅತ್ತೆ ಎಂದಿನಂತೆ ಆಯಿಯ ಮುಂದೆ ತಾಟು ಇಟ್ಟಳು. ಆಯಿ, "ಹಸಿವಿಲ್ಲ," ಎಂದು ಎಲೆ ಅಡಿಕೆ ತೆಗೆದಳು. ನಾವು ಉಂಡೆವು. ಏನು ಉಂಡೆವೋ. ಅಪ್ಪ ಎರಡು ತುತ್ತಿಗೆ ಕೈ ತೊಳೆದ. ಅತ್ತೆ ತುಂಬಿದ ತಾಟನ್ನು ಎತ್ತಿಕೊಂಡು ಹೋಗುವಾಗ ಸಾರು ಚೆಲ್ಲಿತು. ಈ ಉಪಾಯ ಅತಿಯಾಯಿತೇನೋ ಎಂಬ ಭಯ ಅವ್ವನ ಮುಖದಲ್ಲಿ ಮೊದಲ ಸಲ ಕಂಡಿತು. ಹಸಿದ ಮುದುಕಿ, ಆಪರೇಷನ್ನಿಗೆ ಕಾದ ಮಗಳು, ನಡುವೆ ಒಂದು ತಾಟು. ಸಂಜೆಯ ಬಸ್ಸಿಗೆ ನಾವು ಹೊರಟುಬಿಡುವವರು.

ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಹೊಲಕ್ಕೆ ಹೋದೆವು. ಹಿರಣ್ಯಕೇಶಿ ಹೊಳೆಯ ಕಡೆಗೆ ಮಾಮಾನ ಹೊಲ. ಮಾಮಾ ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು ಸುಟ್ಟು ಕೊಡುತ್ತಿದ್ದ. ಅತ್ತೆ ಅವನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳುಗಳನ್ನು ಒಬ್ಬೊಬ್ಬರ ಕೈಗೆ ಹಾಕುತ್ತಿದ್ದಳು. ಆಯಿಯ ಮುಂದೆ ಬಂದು ಅಂಗೈ ಚಾಚಿ ನಿಂತಳು. ಆಯಿಯ ಕೈ ಸೆರಗಿನೊಳಗಿತ್ತು. ಕಾಳಿನಿಂದ ಇನ್ನೂ ಹಬೆ ಏಳುತ್ತಿತ್ತು.

"ಈ ಹೊಲಾ ಯಾರ ಹೆಸರಿಲೆ ಐತಿ?" ಎಂದಳು ಆಯಿ, ಮಾಮಾನಿಗೆ.

ಮಾಮಾ ತಲೆ ಎತ್ತಿದ. "ನಮ್ಮಪ್ಪನ ಹೆಸರಿಲೆ ಐತ್ರಿ. ಇನ್ನೂ ಬದಲೀ ಮಾಡಿಸಿಲ್ಲ."

"ಹಂಗಾದ್ರ ಇದು ಮಗಳದಲ್ಲ. ಬೀಗರದು. ಬೀಗರ ಹೊಲದಾಗ ತಿಂದ್ರ ತಪ್ಪಿಲ್ಲ." ಎಂದು ಕೈ ಹೊರಗೆ ತೆಗೆದು ಚಾಚಿದಳು.

ಅತ್ತೆ ಕಾಳು ಸುರಿದಳು. ಆಯಿ ಬಾಯಿಗೆ ಹಾಕಿಕೊಂಡಳು. ಮಾತಾಡಿದರೆ ಎಲ್ಲಿ ನಿಲ್ಲಿಸುತ್ತಾಳೋ ಎಂದು ಅಪ್ಪ ನನಗೆ ಕಣ್ಣಿನಿಂದ ಸನ್ನೆ ಮಾಡಿದ. ಆದರೆ ವಾದದ ಬಾಗಿಲನ್ನು ಎದುರಿನವರು ತಾವೇ ಅರ್ಧ ತೆರೆದಿಟ್ಟಾಗ ಸುಮ್ಮನಿರುವುದು ನನಗೆ ಕಲಿಸಿದ ವಿದ್ಯೆಯಲ್ಲ.

"ಮಾಮಾ, ಮನಿ ಯಾರ ಹೆಸರಿಲೆ ಐತಿ?"

ಮಾಮಾ ಆಯಿಯನ್ನು ನೋಡಿದ, ನನ್ನನ್ನು ನೋಡಿದ. "ಅದೂ ಅಪ್ಪಂದೇ. ಎರಡೂ ಕೂಡೇ ಮಾಡಸೂಣು ಅಂತ ಬಿಟ್ಟೇನಿ."

"ಅಂದ್ರ ಅದೂ ಬೀಗರ ಮನಿನೇ ಆತಲ್ಲ."

ಆಯಿ ಅಗಿಯುತ್ತಲೇ ಇದ್ದಳು. ನನ್ನ ಕಡೆ ನೋಡಲಿಲ್ಲ. "ಇಕೀಗೆ ಸೀತನಿ ಕೊಡ್ರೆ, ಬಾಯಿ ಮುಚ್ಚಲಿ," ಎಂದಷ್ಟೇ ಹೇಳಿ ಮತ್ತೆ ಕೈ ಚಾಚಿದಳು.

ಈಗಲೂ ನನಗೆ ಅನುಮಾನವಿದೆ. ಹೊಲ ಯಾರ ಹೆಸರಿನಲ್ಲಿದೆ ಎಂಬುದು ಬೀಗರ ಮನೆಯ ಒಂದೊಂದು ಎಮ್ಮೆಯ ತಳಿ ತಿಳಿದಿದ್ದ ಆಯಿಗೆ ಗೊತ್ತಿರಲಿಲ್ಲವೇ? ನಾನು ಅಲ್ಲಿ ಕೂತಿದ್ದೇನೆ, ಮುಂದಿನ ಪ್ರಶ್ನೆ ಕೇಳದೆ ಇರುವವಳಲ್ಲ ಎಂಬುದೂ ಗೊತ್ತಿತ್ತಲ್ಲ? ಮಗು ಆಗುವುದಿಲ್ಲ ಎಂದು ಅವಳು ಹೇಳದೆ, ನಾವ್ಯಾರೂ ಹೇಳದೆ, ದಾರಿ ತೆರೆಯುವುದಕ್ಕೆ ಅಷ್ಟು ಸಾಕಿತ್ತು.

ಆದರೆ ಅವಳು ಒಪ್ಪಿದಳು ಎಂಬುದಕ್ಕೆ ಆಧಾರವಿರಲಿಲ್ಲ. ಬಸ್ಸಿಗೆ ಹೊರಟಾಗ ಆಯಿ ಅತ್ತೆಯ ಬಾಗಿಲಲ್ಲಿ ತನ್ನ ಬಾಟಲಿ ಹಿಡಿದೇ ನಿಂತಿದ್ದಳು. ಅದರಲ್ಲಿ ಕಬನೂರಿನ ನೀರು ಇನ್ನೂ ಉಳಿದಿತ್ತು. ದಾರಿಯುದ್ದಕ್ಕೂ ಅವ್ವ ಸೆರಗಿನ ಅಂಚು ಸುತ್ತುತ್ತಿದ್ದಳು. ರೊಟ್ಟಿ ಬೀರುವ ಉಪಾಯ ಯಾರದು ಎಂದು ಕೇಳಿದೆ. "ಯಾವ ಉಪಾಯ?" ಎಂದಳು.

ಮರುದಿನ ಮಧ್ಯಾಹ್ನ ಅತ್ತೆಯ ಫೋನು ಬಂತು. ಅವ್ವ ಮಾಳಿಗೆಗೆ ಓಡಿದಳು, ಹಿಂದೆ ನಾನು. ಈ ಸಲ ಅವಳೇ ಸ್ಪೀಕರ್ ಹಾಕಿದಳು.

"ಯವ್ವ ಉಂಡಳು," ಎಂದಳು ಅತ್ತೆ.

ಅವ್ವ ನೀರಿನ ಟಾಕಿಗೆ ಒರಗಿ ನಿಂತಳು. ನಾನು ಒರಗಲಿಲ್ಲ. ಅತ್ತೆ ನಮಗಾಗಿ, ತನಗಾಗಿಯೂ, ಅಷ್ಟು ಸುಳ್ಳು ಹೇಳಬಲ್ಲಳು. ನಿನ್ನೆಯ ಆ ಮುಖ ನಾನು ನೋಡಿದ್ದೆ.

"ಏನ ಉಂಡಳು ಅತ್ತಿ?"

"ರೊಟ್ಟಿ, ಬದನಿಕಾಯಿ ಪಲ್ಯಾ."

"ನೀ ಮಾಡಿದ್ದೋ, ಬಾಜೂ ಮನಿಯವರು ಕೊಟ್ಟಿದ್ದೋ?"

"ನಾ ಮಾಡಿದ್ದು."

"ಏನಂದಳು?"

ಅತ್ತೆ ಉತ್ತರಿಸುವ ಮೊದಲೇ ಹಿಂದಿನಿಂದ ಆಯಿಯ ದನಿ ಬಂತು. ಮಗ್ಗದ ಓಣಿಯಲ್ಲಿ ಬಲಿತ ದನಿ, ಮಗ್ಗವಿಲ್ಲದ ಮನೆಯಲ್ಲಿ ಗೋಡೆಗೆ ಬಡಿದು ಬರುತ್ತಿತ್ತು. "ಪಲ್ಯಾಕ ಗುರೆಳ್ಳ ಹಾಕಿಲ್ಲ ಅಂತ ಹೇಳ ಆಕೀಗೆ. ಬರೇ ಖಾರ, ಬರೇ ಎಣ್ಣಿ. ಇಷ್ಟ ವರ್ಷ ಅಳಿಯಾ ಹೆಂಗ ಉಂಡಾನೋ, ಪಾಪ."

ಫೋನಿನ ಆ ಕಡೆ ಅತ್ತೆ ನಗುತ್ತಿದ್ದಳೋ ಅಳುತ್ತಿದ್ದಳೋ, ನಮ್ಮ ಓಣಿಯ ಮಗ್ಗದ ಸದ್ದಿನಲ್ಲಿ ತಿಳಿಯಲಿಲ್ಲ. "ಹೆಸರ ಇಡಾಕತ್ತಾಳ ನೋಡು ನನ್ನ ಅಡಗೀಗೆ," ಎಂದು ಅದನ್ನೇ ಎರಡು ಮೂರು ಸಲ ಹೇಳಿದಳು. ತುಂಬಿದ ತಾಟನ್ನು ಇಷ್ಟು ವರ್ಷ ಎತ್ತಿಕೊಂಡು ಹೋದವಳು. ಗುರೆಳ್ಳು ಬಿದ್ದಿಲ್ಲವೆಂಬುದು ತಾಟನ್ನು ದೂರದಿಂದ ನೋಡಿದವರಿಗೆ ತಿಳಿಯುವುದಿಲ್ಲ. ನನಗೆ ಅಷ್ಟು ಸಾಕ್ಷಿ ಸಾಕಾಯಿತು.

ಅವ್ವ ಕೆಳಗಿಳಿದು ಬಾಣಲೆ ಇಟ್ಟು ಗುರೆಳ್ಳು ಹುರಿಯಲು ಶುರು ಮಾಡಿದಳು. ಘಮ ಓಣಿಗೆ ಹರಡಿತು.

"ಯಾರ ಕೈಲೆ ಕಳಸತಿ ಇದನ್ನ?" ಎಂದೆ.

ಅವ್ವ ಮೂಲೆಯಲ್ಲಿ ನಾನು ಇನ್ನೂ ಪೂರ್ತಿ ಬಿಚ್ಚದೇ ಇಟ್ಟಿದ್ದ ನನ್ನ ಚೀಲದ ಕಡೆ ನೋಡಿದಳು.